ಸೊಸೆಗೆ ಕೊಟ್ಟ ನೀರು-ಬೆಲ್ಲ

ಶಾಲು, ಫಲಕ, ಹಣ್ಣಿನ ಬುಟ್ಟಿ ಎಲ್ಲವನ್ನೂ ಎದೆಗವಚಿಕೊಂಡು ಪಾಣೆಮಂಗಳೂರಿನ ಮನೆಯ ಜಗಲಿ ಹತ್ತಿದ ಶಶಿಪ್ರಭಾಳ ಮುಂದೆ ಅತ್ತೆ ಪದ್ಮಾಕ್ಷಿ ತಟ್ಟೆಯೊಂದನ್ನು ತಂದಿಟ್ಟರು. ಅದರಲ್ಲಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ.

"ಕುಳಿತುಕೊಳ್ಳಿ. ಬಿಸಿಲಲ್ಲಿ ಬಂದಿದ್ದೀರಿ."

ಶಶಿಪ್ರಭಾ ಕೂರದೆ ಆ ತಟ್ಟೆಯನ್ನೇ ನೋಡಿದಳು. ನೀರು-ಬೆಲ್ಲ ಕೊಡುವುದು ಹೊರಗಿನಿಂದ ಬಂದ ನೆಂಟರಿಗೆ. ಮನೆಯವರು ನೇರ ಒಳಗೆ ಹೋಗಿ ತಾವೇ ನೀರು ಮೊಗೆದು ಕುಡಿಯುತ್ತಾರೆ. ಮದುವೆಯಾಗಿ ಬಂದಂದಿನಿಂದ 'ನೀನು' ಎನ್ನುತ್ತಿದ್ದ ಅತ್ತೆ ಇಂದು 'ನೀವು' ಎನ್ನುತ್ತಿದ್ದಾರೆ!

ಮೂಡುಬಿದಿರೆಯ ಸಮಾರಂಭ ಮುಗಿಸಿ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಅವಳ ಕಾದಂಬರಿಗೆ ರಾಜ್ಯದಲ್ಲೇ ದೊಡ್ಡದೆನಿಸಿದ ಪ್ರಶಸ್ತಿ! ಸಿದ್ಧಕಟ್ಟೆ ದಾಟುವವರೆಗೂ ಗಂಡ ಶೇಖರ ಕಾರು ಓಡಿಸುತ್ತ "ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತಲ್ಲ ಮಾರಾಯ್ತಿ!" ಎಂದು ಅದನ್ನೇ ಹೇಳುತ್ತಿದ್ದ. ಆದರೆ ಹೇಳದೆ ಬಿಟ್ಟ ಒಂದು ಮಾತು ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ವೇದಿಕೆಯಲ್ಲಿ ಕೃತಜ್ಞತೆ ಹೇಳುವಾಗ 'ನನ್ನ ಅತ್ತೆಗೆ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಾದಂಬರಿಯಲ್ಲಿ ಸೊಸೆಯನ್ನು ಅಡುಗೆಮನೆಯಿಂದ ಓಡಿಸುವ ಅತ್ತೆಯೊಬ್ಬಳಿದ್ದಳು. ಓದಿದವರೆಲ್ಲ "ಅದು ನಿಮ್ಮ ಅತ್ತೆಯೇ ಅಲ್ವಾ?" ಎಂದು ಕಣ್ಣು ಮಿಟುಕಿಸಿದವರೇ. ಹೆಸರೆತ್ತಿದರೆ ಸಭೆ ನಗುತ್ತದೆ... ಅವಳು ಮಾತು ನುಂಗಿಬಿಟ್ಟಿದ್ದಳು.

"ಇದೇನು ಅತ್ತೆ? ನಾನು ನೆಂಟಳಾ?"

"ಮತ್ತೆಂತ? ದೀಪಶ್ರೀಯ ಮೊಬೈಲಿನಲ್ಲಿ ಎಲ್ಲ ನೋಡಿದೆ. ಬೆಳ್ತಂಗಡಿಯ ಮಾಸ್ತರರಿಗೆ ಕೃತಜ್ಞತೆ, ಪುಸ್ತಕ ಅಚ್ಚು ಹಾಕಿದವರಿಗೆ ಕೃತಜ್ಞತೆ, ಗಂಡನಿಗೆ ಕೃತಜ್ಞತೆ, ಕಡೆಗೆ ಮೈಕಿನವನಿಗೂ ಕೃತಜ್ಞತೆ! ಮನೆಯಲ್ಲಿ ಒಂದು ಮುದುಕಿ ಉಂಟು ಅಂತ ನೆನಪೇ ಇಲ್ಲ. ಕಥೆಯಲ್ಲಿ ಬೈಯಲಿಕ್ಕೆ ಮಾತ್ರ ಅತ್ತೆ ಬೇಕು!"

ಲಾಯಿಲದಿಂದ ತವರಿಗೆ ಬಂದಿದ್ದ ನಾದಿನಿ ದೀಪಶ್ರೀ ಬಾಗಿಲ ಬಳಿ ಸಣ್ಣ ದನಿಯಲ್ಲಿ ಹೇಳಿದಳು: "ಅತ್ತಿಗೆ... ಅಮ್ಮ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು ಮೊಬೈಲಿನ ಎದುರು ಕೂತಿದ್ದರು..."

ಶಶಿಪ್ರಭಾ ಆಗಷ್ಟೇ ನೋಡಿದಳು. ಅತ್ತೆಯ ಸೀರೆಯ ಮೇಲೆ ಅಂಗಡಿಯ ಮಡಿಕೆಯ ಗೆರೆ ಇನ್ನೂ ಹಾಗೆಯೇ ಇತ್ತು. ಅವಳ ಕಣ್ಣು ತುಂಬಿತು.

"ಹೆದರಿದೆ ಅತ್ತೆ... ನಿಮ್ಮ ಹೆಸರು ಹೇಳಿದರೆ ಜನ ನಗ್ತಾರೆ ಅಂತ ಹೆದರಿದೆ..."

"ನಗಲಿ! ನಗುವುದು ನನ್ನನ್ನು ನೋಡಿ ತಾನೇ? ನಿನಗೆಂತ ಹೆದರಿಕೆ?"

ಸಿಟ್ಟಿನಲ್ಲಿ 'ನೀನು' ಬಂದೇಬಿಟ್ಟಿತ್ತು!

ಅಷ್ಟರಲ್ಲಿ ಗೇಟಿನಲ್ಲಿ ಗದ್ದಲ. ಪಕ್ಕದ ಮನೆಯ ಶಹಲಾ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. "ಶಶಿಪ್ರಭಾ ಟೀಚರ್! ನಮ್ಮ ಪೇಟೆಗೇ ಪ್ರಶಸ್ತಿ ಬಂತಲ್ಲ!"

ಪದ್ಮಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೊರಟರು. ಶಶಿಪ್ರಭಾ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ತನಗೆ ಹೊದಿಸಿದ್ದ ಶಾಲನ್ನು ಅವರ ಹೆಗಲಿಗೆ ಹೊದಿಸಿ, ಅದೇ ನೀರು-ಬೆಲ್ಲದ ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ವೇದಿಕೆಯಲ್ಲಿ ಬಾಯಿ ಬರಲಿಲ್ಲ, ಇಲ್ಲಿ ಹೇಳ್ತೇನೆ, ಎಲ್ಲರೂ ಕೇಳಿ. 'ನಿನ್ನ ಸಾರು ಬಾಯಿಗಿಡಲಿಕ್ಕಾಗುವುದಿಲ್ಲ, ಒಲೆಯ ಹತ್ತಿರ ಬರಬೇಡ' ಅಂತ ಇವರು ನನ್ನನ್ನು ಓಡಿಸಿದ್ದು ನಿಜ. ನಾನು ಕೋಣೆಯಲ್ಲಿ ಕೂತು ಅತ್ತದ್ದೂ ನಿಜ. ಅತ್ತು ಮುಗಿದ ಮೇಲೆ ಬರೆದೆ... ಬರೆದು ತಲೆಯೆತ್ತುವಾಗ ಊಟ ತಯಾರಿರುತ್ತಿತ್ತು! ಒಂದು ದಿನವೂ 'ಎಂತ ಬರೀತಿ' ಅಂತ ಇವರು ಕೇಳಿದವರಲ್ಲ. ಬೇರೆ ಯಾರಿಗೆ ಕೃತಜ್ಞತೆ ಹೇಳಿ ಏನು... ಈ ಪ್ರಶಸ್ತಿ ಇವರ ಕೈಯದ್ದು!"

"ತಡೆಯಿರಿ ಅತ್ತಿಗೆ, ಇನ್ನೊಮ್ಮೆ ಹೇಳಿ, ವೀಡಿಯೊ ಮಾಡ್ತೇನೆ!" ಎಂದು ದೀಪಶ್ರೀ ಅಳುತ್ತಲೇ ಮೊಬೈಲಿಗೆ ತಡಕಾಡಿದಳು.

ಶಹಲಾ ಬೆರಗಿನಿಂದ ಕೇಳಿದಳು: "ಹೌದಾ ಪದ್ಮಕ್ಕ? ಟೀಚರ್ ಬರೆಯಲಿ ಅಂತಲೇ ಓಡಿಸಿದ್ದಾ?"

ಪದ್ಮಾಕ್ಷಿ ಬೆಲ್ಲ ಬಾಯಿಗೆ ಹಾಕಿಕೊಂಡು, ತುಂಬಿದ ಕಣ್ಣಲ್ಲೇ ತಲೆ ಕೊಡವಿದರು.

"ಇಲ್ಲಪ್ಪ! ಸಾರು ನಿಜವಾಗಿಯೂ ಬಾಯಿಗಿಡುವ ಹಾಗೆ ಇರಲಿಲ್ಲ!"

ಜಗಲಿಗೆ ಜಗಲಿಯೇ ನಕ್ಕಿತು. ಶಶಿಪ್ರಭಾ ಹೆದರಿದ್ದ ನಗು ಅದೇ. ಅದರ ನಡುವೆ ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮರುಕ್ಷಣವೇ ಸೊಸೆಯ ಮೇಲೆ ಕಣ್ಣು ಕೆಕ್ಕರಿಸಿದರು.

"ಎಂತ ನೋಡ್ತಾ ನಿಂತಿದ್ದಿ? ಮನೆಗೆ ಇಷ್ಟು ಜನ ಬಂದಿದ್ದಾರೆ, ಒಳಗೆ ಹೋಗಿ ನೀರು-ಬೆಲ್ಲ ತಾ. ನೀನೇನು ನೆಂಟಳಾ?"

ಫಲಕವನ್ನು ಜಗಲಿಯಲ್ಲೇ ಬಿಟ್ಟು, ಶಶಿಪ್ರಭಾ ಅಡುಗೆಮನೆಗೆ ಓಡಿದಳು.