ಮೂರನೇ ಕಂಬದ ಗಾಜುಪಟ್ಟಿ

೧೯೫೪ರ ಆಗಸ್ಟ್ ೧೧, ಬೆಳಿಗ್ಗೆ ಹತ್ತೂಕಾಲು. ಜಮಖಂಡಿ ಠಾಣೆಗೆ ಬಂದ ಶಂಕ್ರೆವ್ವ ಕೂಡಲು ಒಪ್ಪಲಿಲ್ಲ. ಹಿಂದಿನ ದಿನ ಹಿಪ್ಪರಗಿ ಹಾದಿಯ ಹಳ್ಳದ ಮೇಲಿನ ರೈಲು ಸೇತುವೆ ಮುರಿದು, ಖಣಿಯ ಕಲ್ಲು ಸಾಗಿಸುವ ಪುಟ್ಟ ರೈಲುಗಾಡಿ ನಡೆಸುತ್ತಿದ್ದ ಅವಳ ಗಂಡ ಗುರಪ್ಪ ಗಾಡಿಸಮೇತ ಕೆಳಗೆ ಬಿದ್ದು ಸತ್ತಿದ್ದ.

"ಕುಡದು, ಹೆಚ್ಚಿಗಿ ಕಲ್ಲು ಹೇರಿದ್ದ ಅಂತ ಖಣಿಯವ್ರು ಬರಕೊಂಡಾರ್ರಿ. ಸೆರಿ ವಾಸನಿಗೇ ವಾಂತಿ ಮಾಡಾಂವ ನನ್ನ ಗಂಡ. ಸತ್ತಾಂವ ಎದ್ದು ಬಂದು ಜಬಾಬ ಕೊಡೂದಿಲ್ಲಂತ ಏನರ ಬರೀತಾರೇನ್ರಿ?"

ಮುಂಬಯಿ ರಾಜ್ಯದಲ್ಲಿ ದಾರೂಬಂದಿ, ಅಂದರೆ ಪಾನನಿಷೇಧ, ಇದ್ದ ದಿನಗಳವು. ಕುಡಿದಿದ್ದನೆಂದರೆ ಸತ್ತವನ ಮೇಲೆ ಗುನ್ನೆ ಎರಡಾಗುತ್ತಿದ್ದವು. ಫೌಜದಾರ ಮಹಾಲಿಂಗಪ್ಪನವರು ಎಫ್‌ಐಆರ್ ಬರೆಸಿದರು.

ಹನ್ನೆರಡಕ್ಕೆ ಹಳ್ಳದಲ್ಲಿ ಪಂಚನಾಮೆ. ಸೇತುವೆ ಸಂಸ್ಥಾನದ ಕಾಲದ್ದು, ೧೯೨೩ರ ಕಾಂಕ್ರೀಟು. ಸಂಸ್ಥಾನ ವಿಲೀನವಾಯಿತು, ಸೇತುವೆ ಬಿರುಕು ಬಿಟ್ಟಿತು. ಹೊರಬಿದ್ದ ಕಬ್ಬಿಣದ ಸರಳು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತು. ಪ್ರತಿ ಬಿರುಕಿಗೂ ಅಡ್ಡವಾಗಿ ಖಣಿಯ ಎಂಜಿನಿಯರ್ ತೆಳು ಗಾಜುಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಕೂರಿಸಿದ್ದರು. ಬಿರುಕು ಅಗಲವಾದರೆ ಗಾಜು ಒಡೆಯಬೇಕು. ಒಡೆದರೆ ಕಾವಲುಗಾರ ಕಾಶಪ್ಪ ಗಾಡಿ ನಿಲ್ಲಿಸಿ ವರದಿ ಮಾಡಬೇಕು. ಅವನ ವಹಿಯಲ್ಲಿ ವರ್ಷದಿಂದ ಒಂದೇ ಸಾಲು: 'ಗಾಜು ಸಾಬೂತ', ಅಂದರೆ ಒಡೆದಿಲ್ಲ.

ಹವಾಲ್ದಾರ ಅಪ್ಪಾಸಾಬ ಎಂಜಿನಿಯರರ ಮೂಗಿನ ದನಿ ಅಣಕಿಸಿದ: "ಸೇತುವಿ ಭದ್ರ ಐತ್ರಿ, ಹಳ್ಳನ ಸರಿ ಇಲ್ಲ!" ಪಂಚರು ನಕ್ಕರು. ನೀರಿನಂಚಿಗೆ ಗುರಪ್ಪನ ಒಂದೇ ಚಪ್ಪಲಿ ಕಂಡು ನಗು ನಿಂತಿತು.

ಚೆಲ್ಲಿದ ಕಲ್ಲು ತೂಗಿಸಿದರೆ ನೇಮದ ತೂಕಕ್ಕಿಂತ ಕಡಿಮೆಯೇ ಬಂತು. ಹೆಣ ನೋಡಿದ ಡಾಕ್ಟರರ ವರದಿಯಲ್ಲಿ ದಾರೂ ಇರಲಿಲ್ಲ. ಮೂರನೇ ಕಂಬ ಎರಡು ಹೋಳಾಗಿತ್ತು. ಅದರ ಗಾಜು ಮಾತ್ರ ಇಡಿಯಾಗಿ, ಒಂದು ತುದಿಯಲ್ಲಿ ಅಂಟಿಕೊಂಡು ನೇತಾಡುತ್ತಿತ್ತು. ಆ ತುದಿಗೆ ಇರುವೆ ಮುತ್ತಿದ್ದವು.

"ಸಿಮೆಂಟ ತಿನ್ನೂ ಇರಿವಿ ನಾ ನೋಡಿಲ್ಲರಿ." ಅಪ್ಪಾಸಾಬ ಉಗುರಿನಿಂದ ಕೆರೆದು ಮೂಸಿದ. "ಗಂಜಿರಿ ಸಾಹೇಬ್ರ. ನೇಕಾರ್ರು ನೂಲಿಗೆ ಹಚ್ಚೂ ಗಂಜಿ. ಹಿಡಿಯೂದಾದ್ರ ರಬಕವಿ ಊರಿಗೂರೇ ಲಾಕಪ್ಪಿಗೆ ಹಾಕಬೇಕಾಕೈತಿ."

"ಊರು ಬ್ಯಾಡ. ಕಾವಲುಗಾರನ ಮನಿ ಸಾಕು."

ಮೂರೂವರೆಗೆ ರಬಕವಿ. ಕಾಶಪ್ಪನ ಹೆಂಡತಿ ರತ್ನಾಬಾಯಿ ಅಂಗಳದಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಒಳಗೆ ಗೋಡೆಯ ಮೇಲೆ ಕಾಶಪ್ಪನ ತಂದೆಯ ಪಟವಿತ್ತು; ಪಟಕ್ಕೆ ಗಾಜಿರಲಿಲ್ಲ.

"ಗಾಜು ಎಲ್ಲಿ?" ಫೌಜದಾರರು ಕೇಳಿದರು.

ಕಾಶಪ್ಪ ನೆಲ ನೋಡಿದ. "ಕೊರದು ಮೂರನೇ ಕಂಬಕ್ಕ ಹಚ್ಚೀನ್ರಿ."

"ಮೊದಲಿಂದು?"

"ಜೂನ್ ಹದಿನೇಳಕ್ಕ ಒಡೀತ್ರಿ."

"ಗಂಜಿ ಯಾಕ?"

"ಸಿಮೆಂಟ ಎಂಜಿನಿಯರ ಸಾಹೇಬ್ರ ಕೀಲಿಯೊಳಗ ಇರತೈತ್ರಿ. ಕೇಳಿದ್ರ ಗೊತ್ತಾಗತಿತ್ತು. ಮನ್ಯಾಗಿದ್ದದ್ದು ಗಂಜಿ."

"ವರದಿ ಯಾಕ ಮಾಡಲಿಲ್ಲ?"

ಉತ್ತರ ರತ್ನಾಬಾಯಿಯಿಂದ ಬಂತು. "ಹಿಂದಕ ಒಮ್ಮಿ ಮಾಡಿದ್ರಲ್ರಿ! ಒಡದ ದಿನಾನ ಓಡಿಹೋಗಿ ಹೇಳಿದ್ರು. ನೀನ ಒಡದಿ ಅಂತ ಖಣಿಯವ್ರು ಎರಡ ತಿಂಗಳ ಪಗಾರ ಇಲ್ದ ಮನ್ಯಾಗ ಕುಂದರಿಸಿದ್ರು."

"ನಿನ್ನೆ ಗುರಪ್ಪ ನಿನ್ನ ಕೂಡ ಮಾತಾಡಿದ್ನೇನು?"

"ದಿನಾ ಕೇಳಾಂವ್ರಿ, 'ಗಾಜು ಹೆಂಗೈತೋ ಕಾಶಪ್ಪಾ' ಅಂತ. ನಿನ್ನೇನೂ ಕೇಳಿದ."

"ನೀ ಏನಂದಿ?"

"ಸಾಬೂತ ಐತಿ, ಹೋಗು ಅಂದ್ನಿ."

ನಾಲ್ಕು ನಲವತ್ತಕ್ಕೆ ಕಾಶಪ್ಪನ ಅಟಕು, ಅಂದರೆ ದಸ್ತಗಿರಿ. ಕಲಂ ೩೦೪-ಎ, ನಿರ್ಲಕ್ಷ್ಯದಿಂದ ಸಾವು. ಖಣಿಯ ಕಚೇರಿಯಲ್ಲಿ ೧೯೫೩ರ ಆದೇಶ ಸಿಕ್ಕಿತು: 'ಕಾವಲುಗಾರನು ತಾನೇ ಗಾಜು ಒಡೆದು ಸುಳ್ಳು ವರದಿ ಕೊಟ್ಟಿದ್ದಾನೆ.' ನಿಜ ಹೇಳಿ ಒಮ್ಮೆ ಪೆಟ್ಟು ತಿಂದವನು ಎರಡನೆಯ ಸಲ ಬಾಯಿಗೂ ಗಂಜಿ ಹಚ್ಚಿಕೊಂಡಿದ್ದ. ಮಹಾಲಿಂಗಪ್ಪನವರು ಆ ಕಾಗದವನ್ನು ಕೇಸಿನ ಕಡತಕ್ಕೆ ಸೇರಿಸಿದರು. ಅದನ್ನು ಬರೆದ ಕೈಗೆ ಹೊಂದುವ ಕಲಂ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಂಜೆ ಶಂಕ್ರೆವ್ವನನ್ನು ಕರೆಸಿದರು.

"ಕುಡದಿದ್ದಿಲ್ಲ, ಹೆಚ್ಚು ಹೇರಿದ್ದಿಲ್ಲ ಅಂತ ಬರದೀನವ್ವಾ. ದಿನಾ ಕಂಬದ ಸುದ್ದಿ ಕೇಳೇ ಗಾಡಿ ಬಿಡತಿದ್ದನಂತ."

"ದಿನಾ ಕೇಳತಿದ್ನೇನ್ರಿ?"

"ದಿನಾ."

ಶಂಕ್ರೆವ್ವ ಆಗ ಕುಳಿತಳು.

"ಹಂಗಾರ ದಿನಾ ಅಂಜಕೋತನ ಹೋಗತಿದ್ದ," ಎಂದಳು. "ಮನ್ಯಾಗ ಒಂದ ದಿನಾನೂ ಅನ್ನಲಿಲ್ರಿ."