ಎಲ್ಲರಿಗೂ ಒಂದೊಂದು ಪ್ರತಿ

ಬುಧವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಕೇಳಿ ಹಿರಿಯ ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. ಬೀಗ ಮುರಿದಿಲ್ಲ, ಕಿಟಕಿ ಒಡೆದಿಲ್ಲ, ಒಂದು ಗುಂಡುಸೂಜಿಯೂ ಕಳವಾಗಿಲ್ಲ. ಆದರೂ ಎಲ್ಲ ಹೋಯಿತು ಎಂದು ದೂರುದಾರರು ಬಾಯಿ ಬಡಿದುಕೊಳ್ಳುತ್ತಿದ್ದರು. ಉಸಿರಾಟದ ತೊಂದರೆ ಇರುವವರ ಮನೆಗಳಿಗೆ ಆಕ್ಸಿಜನ್ ಯಂತ್ರ ಬಾಡಿಗೆಗೆ ಕೊಡುವ ಸಣ್ಣ ಕಂಪನಿಯೊಂದರ ಮಾಲೀಕರು ಅವರು. ಬೆಳಗ್ಗೆ ಕಚೇರಿ ತೆರೆದು ನೋಡಿದರೆ ಕಂಪನಿಯ ಹನ್ನೊಂದೂ ಜನರ ಇಮೇಲ್ ಪೆಟ್ಟಿಗೆಗಳು ತೊಳೆದು ಬೋರಲು ಹಾಕಿದ ಪಾತ್ರೆಗಳಂತೆ ಖಾಲಿ.

"ತಾನಾಗೇ ಕೆಟ್ಟಿರಬಹುದಲ್ಲ?" ಎಂದರು ಇನ್ಸ್‌ಪೆಕ್ಟರ್.

"ಇಲ್ಲ ಮೇಡಂ. ಯಾರೋ ಬೇಕು ಅಂತಲೇ ಅಳಿಸಿದಾರೆ. ಸರ್ವರ್ ರಿಪೇರಿಯವನು ನೋಡಿ ಹೇಳಿದ."

"ಯಾರ ಮೇಲಾದರೂ ಅನುಮಾನ?"

"ಇಲ್ಲ."

ಈ 'ಇಲ್ಲ' ಸ್ವಲ್ಪ ಬೇಗನೇ ಬಂತು. ಇನ್ಸ್‌ಪೆಕ್ಟರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎಫ್‌ಐಆರ್ ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡರು.

ಕಂಪನಿ ಇದ್ದದ್ದು ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಶೌಚಾಲಯದ ಪಕ್ಕದ, ಒಂದು ಕಾಲಕ್ಕೆ ಪೊರಕೆ ಬಕೆಟ್ ಇಡುತ್ತಿದ್ದ ಕೋಣೆಯೇ ಸರ್ವರ್ ಕೋಣೆ. ಅಲ್ಲೊಂದು ಕಪ್ಪು ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಅದರ ನೆತ್ತಿಯ ಮೇಲೆ, ಯಾರಿಗೂ ಮರೆಯದಿರಲಿ ಎಂದು, ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ್ದರು. ಕಾನ್‌ಸ್ಟೆಬಲ್ ಅದನ್ನು ಓದಿ, "ಕಳ್ಳನಿಗೆ ತೊಂದರೆ ಆಗಬಾರದು ಅಂತ ದೀಪ ಹಚ್ಚಿಟ್ಟ ಹಾಗಿದೆ" ಎಂದ. ಇಬ್ಬರು ಪಂಚರ ಮುಂದೆ ಚೀಟಿ ಸಮೇತ ಪಂಚನಾಮೆ ನಡೆಯಿತು.

ಸರ್ವರ್ ರಿಪೇರಿಯವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ವಾರಕ್ಕೊಮ್ಮೆ ಬಂದು ಹೋಗುವ ಗುತ್ತಿಗೆಯ ಆಸಾಮಿ.

"ಬ್ಯಾಕಪ್ ಇರಲಿಲ್ವಾ?"

"ಇತ್ತು ಮೇಡಂ. ಅದೂ ಖಾಲಿ. ದಿನಾ ರಾತ್ರಿ ಇದರಲ್ಲಿ ಏನಿದೆಯೋ ಹಾಗೇ ಅದರಲ್ಲೂ ಆಗುತ್ತೆ. ನಿನ್ನೆ ಸಂಜೆ ಎಲ್ಲರೂ ಹೋಗೋ ಹೊತ್ತಿಗೆ ಇಲ್ಲಿ ಅಳಿಸಿದಾರೆ, ರಾತ್ರಿ ಅಲ್ಲೂ ಅಳಿಸಿಹೋಗಿದೆ."

"ಅಂಥ ಬ್ಯಾಕಪ್ ಇಟ್ಟ ಬುದ್ಧಿವಂತ ಯಾರು?"

ಅವನು ಕತ್ತು ಬಗ್ಗಿಸಿದ. "ನಾನೇ."

ಅವನಿಗೆ ತಿಳಿದಷ್ಟು ಹೇಳಿದ. ಈ ಯಂತ್ರಕ್ಕೆ ಮೊದಲಿಂದಲೂ ಹೊಟ್ಟೆ ಉಬ್ಬರ. ಕಾರಣ ಮಾಲೀಕರದೇ ಒಂದು ಕಟ್ಟಪ್ಪಣೆ: ಕಂಪನಿಗೆ ಬರುವ ಪ್ರತಿಯೊಂದು ಮೇಲ್‌ನ ಪ್ರತಿ ಹನ್ನೊಂದೂ ಜನರಿಗೆ ಹೋಗಬೇಕು. 'ನಾನು ನೋಡಲಿಲ್ಲ' ಎಂದು ಯಾರೂ ನುಣುಚಿಕೊಳ್ಳಬಾರದು. ಹಾಗಾಗಿ ಒಂದು ಫೋಟೊ ಬಂದರೆ ಹನ್ನೊಂದು ಫೋಟೊ. ಕಳೆದ ವಾರದ ಕೊನೆಗೆ ಜಾಗವೆಲ್ಲ ಭರ್ತಿಯಾಗಿ ಸರ್ವರ್ ತಡವರಿಸುತ್ತಿತ್ತು. ಸೋಮವಾರ ಮಧ್ಯಾಹ್ನ ಬಂದು ಒಂದಷ್ಟು ಹಳೆಯದನ್ನು ತೆಗೆದು ಸರಿಮಾಡಿ ಹೋಗಿದ್ದ.

"ಎಲ್ಲರಿಗೂ ಬಂದದ್ದನ್ನ ಓದೋರು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

ಫೋನಿನ ಮುಂದೆ ಕೂತಿದ್ದ ಹೆಂಗಸು ಅತ್ತ ಇತ್ತ ನೋಡಿ ಹೇಳಿದಳು. "ಯಾರೂ ಓದಲ್ಲ ಮೇಡಂ. ಇನ್ನೊಬ್ಬರು ಓದಿರ್ತಾರೆ ಅಂತ ಬಿಡ್ತೀವಿ. ಓದೋದು ದೂರಪ್ಪ ಒಬ್ರೇ."

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದೂರಪ್ಪ ಎಂದರೆ ಮನೆಗಳಿಂದ ಬರುವ ದೂರುಗಳನ್ನು ನೋಡಿಕೊಳ್ಳುವ ಗುಮಾಸ್ತ. ಆ ಅಡ್ಡಹೆಸರು ಅಂಟಿ ಎಷ್ಟೋ ವರ್ಷವಾಗಿ, ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತಿತ್ತು. ಇವತ್ತು ಹೊಟ್ಟೆನೋವು ಎಂದು ರಜೆ ಹಾಕಿದ್ದರು.

"ಜನ ದೂರನ್ನ ಫೋನ್‌ನಲ್ಲಿ ಹೇಳಲ್ವಾ?"

"ಮೇಲ್‌ನಲ್ಲೇ ಹಾಕಬೇಕು ಅಂತ ಮಷಿನ್ ಮೇಲೇ ಅಂಟಿಸಿದೀವಿ. ಬಾಯಿಮಾತು ಬೇಡ ಅಂತ ಸಾಹೇಬರು..." ಎಂದವಳು ದನಿ ತಗ್ಗಿಸಿದಳು. "ನಿನ್ನೆ ಒಬ್ರು ಬಂದು ಕೂಗಾಡಿ ಹೋದ್ರು ಮೇಡಂ. ಅವರ ಅಮ್ಮ ಭಾನುವಾರ ತೀರಿಕೊಂಡ್ರಂತೆ. ಮಷಿನ್‌ನಲ್ಲಿ ಗಾಳಿ ಕಮ್ಮಿ ಬರ್ತಿದೆ ಅಂತ ಶನಿವಾರವೇ ಮೇಲ್ ಹಾಕಿದ್ರಂತೆ. ಕೋರ್ಟಿಗೆ ಹೋಗ್ತೀನಿ ಅಂದ್ರು."

ಮಾಲೀಕರ 'ಇಲ್ಲ' ಅಷ್ಟು ಬೇಗ ಬಂದದ್ದು ಏಕೆಂದು ಇನ್ಸ್‌ಪೆಕ್ಟರ್‌ಗೆ ಈಗ ಅರ್ಥವಾಯಿತು. ಅವರನ್ನು ಕರೆಸಿ ಕೇಳಿದರು.

"ಆ ಮೇಲ್ ಇಲ್ಲದಿದ್ದರೆ ನಿಮಗೇ ಲಾಭ. ಅಲ್ವಾ?"

"ನಾನಾಗಿದ್ರೆ ಪೊಲೀಸರ ಹತ್ರ ಬರ್ತಿದ್ನಾ ಮೇಡಂ? ನನ್ನ ವ್ಯಾಪಾರವೆಲ್ಲ ಅದರಲ್ಲೇ ಇತ್ತು."

"ಮಿಕ್ಕ ಮನೆಗಳ ದೂರೂ ಅದರಲ್ಲೇ ಇತ್ತಲ್ಲ?"

ಮಾಲೀಕರು ಬೆಳಗ್ಗಿಂದ ವ್ಯಾಪಾರ ಹೋಯಿತು ಎಂದು ಅತ್ತಿದ್ದರೇ ಹೊರತು, ಈ ಮಾತು ಅವರ ತಲೆಗೆ ಹೊಳೆದಿರಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಯಾರೋ ಮೇಲ್ ಹಾಕಿ, ಇನ್ನೇನು ಬರುತ್ತಾರೆ ಎಂದು ಬಾಗಿಲು ನೋಡುತ್ತ ಕೂತಿರಬಹುದು.

ತನಿಖೆ ಅಲ್ಲಿಗೇ ನಿಂತಿತು. ಬಿಲ್ಲಿನ ಕಂಪ್ಯೂಟರ್‌ನಲ್ಲಿ ಮನೆಗಳ ಫೋನ್ ನಂಬರ್ ಉಳಿದಿದ್ದವು. ಕಾನ್‌ಸ್ಟೆಬಲ್, ಫೋನಿನ ಹೆಂಗಸು, ಸ್ವತಃ ಇನ್ಸ್‌ಪೆಕ್ಟರ್, ಮೂವರೂ ಕೂತು ಒಂದೊಂದೇ ಮನೆಗೆ ಫೋನ್ ಹಚ್ಚಿದರು. ಆರನೆಯದೋ ಏಳನೆಯದೋ ಮನೆಯಲ್ಲಿ ಒಬ್ಬ ಅಜ್ಜ ಗದರಿದರು. "ಎಷ್ಟು ಸಲ ಕೇಳ್ತೀರಿ? ಬೆಳಗ್ಗೆ ಬಾಗಿಲು ತೆಗೆಯೋದೇ ತಡ, ನಿಮ್ಮ ದೂರಪ್ಪ ಬಂದು ನೋಡಿ ಹೋದ್ರಲ್ಲ!"

ಇನ್ಸ್‌ಪೆಕ್ಟರ್ ಮಾಲೀಕರ ಕಡೆ ತಿರುಗಿದರು. "ಇವತ್ತು ಮನೆಗಳಿಗೆ ಯಾರನ್ನಾದರೂ ಕಳಿಸಿದೀರಾ?"

"ಇಲ್ವಲ್ಲ. ಅವರಿಗೆ ಹೊಟ್ಟೆನೋವು."

ಮುಂದಿನ ಮನೆಯಲ್ಲೂ ಅದೇ ಉತ್ತರ. ಬಂದರು, ಯಂತ್ರ ಬಿಚ್ಚಿ ನೋಡಿದರು, ನೀರು ಕೊಟ್ಟರೂ ಕುಡಿಯಲಿಲ್ಲ, ಓಡಿದರು. ಏನು ಅಳಿಸಿದ್ದೇನೆ ಎಂದು ಗೊತ್ತಿದ್ದವನು ಮಾತ್ರ ಹಾಗೆ ಓಡಾಡುತ್ತಾನೆ. ಕಾನ್‌ಸ್ಟೆಬಲ್ ಈ ಸಲ ನಗಲಿಲ್ಲ.

ದೂರಪ್ಪ ಹೋದ ಮನೆಗಳನ್ನು ಜೋಡಿಸಿದಾಗ ದಾರಿ ತಿಳಿಯಿತು. ಊರಿನ ಒಂದು ತುದಿಯಿಂದ ಬೀದಿ ಬೀದಿ ಮುಗಿಸುತ್ತ ಬರುತ್ತಿದ್ದರು. ಇನ್ನೊಂದು ತುದಿಯ ಮನೆಗಳು ಬಾಕಿ. ಅವುಗಳಲ್ಲಿ ಒಂದು ಮನೆಯ ಫೋನ್ ಎಷ್ಟು ಹೊಡೆದುಕೊಂಡರೂ ಯಾರೂ ಎತ್ತಲಿಲ್ಲ. ಜೀಪು ಅಲ್ಲಿಗೇ ಹೊರಟಿತು.

ಆ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸುತ್ತಿದ್ದರು. ಇನ್ಸ್‌ಪೆಕ್ಟರ್ ಕೇಳಬೇಕಾಗಿಯೇ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಗಳು ತಾನಾಗಿ ಹೇಳಿದಳು. "ನಿನ್ನೆ ಮಧ್ಯಾಹ್ನವೇ ಮೇಲ್ ಹಾಕಿದ್ದೆ. ಯಾರಾದ್ರೂ ಬರ್ತಾರೆ, ಸುಮ್ನಿರು ಅಂತ ಅಪ್ಪನೇ ನಂಗೆ ಧೈರ್ಯ ಹೇಳ್ತಿದ್ರು."

ಮೆಟ್ಟಿಲ ಮೇಲೆ ಒಬ್ಬರು ಉಪಕರಣದ ಚೀಲ ತಬ್ಬಿಕೊಂಡು ಕೂತಿದ್ದರು. ತಲೆ ನರೆತ, ತೋಳಿಲ್ಲದ ಸ್ವೆಟರಿನ ಬಡಕಲು ಮನುಷ್ಯ. ಪೊಲೀಸರನ್ನು ಕಂಡು ಎದ್ದು ನಿಂತರು.

"ನೀವೇನಾ ದೂರಪ್ಪ?"

"ಹೌದು ಮೇಡಂ. ಬನ್ನಿ, ಹೋಗೋಣ. ಇಲ್ಲಿ ಕೂತಿರೋಕೆ ಆಗ್ತಿಲ್ಲ. ಆ ಹುಡುಗಿ ನಂಗೂ ಒಂದು ಕುರ್ಚಿ ಹಾಕಿಸಿದ್ಲು."

ಸಂಜೆ ಐದು ಗಂಟೆಗೆ ಬಂಧನ ದಾಖಲಾಯಿತು. ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

"ಒಂದು ಮೇಲ್‌ಗೋಸ್ಕರ ಎಲ್ಲಾ ಯಾಕೆ ಅಳಿಸಿದ್ರಿ?"

"ಅದೊಂದೇ ಆಗಿದ್ರೆ ಅದನ್ನೇ ಅಳಿಸ್ತಿದ್ದೆ. ಹನ್ನೊಂದು ಜನರ ಹತ್ರ ಇತ್ತಲ್ಲ. ನಿನ್ನೆ ಆಯಮ್ಮನ ಮಗ ಕೂಗಾಡಿದ ಮೇಲೆ ತೆಗೆದು ನೋಡ್ದೆ. ಶನಿವಾರದ ಸಾಲಲ್ಲೇ ಇತ್ತು, ಓದದೇ ಬಿದ್ದಿತ್ತು. ಇಷ್ಟು ವರ್ಷದಲ್ಲಿ ಒಂದೂ ಬಿಟ್ಟೋನಲ್ಲ ಮೇಡಂ ನಾನು. ಕೈಕಾಲೇ ಆಡ್ಲಿಲ್ಲ."

"ಮಿಕ್ಕ ದೂರುಗಳು?"

"ಅಳಿಸೋವಾಗ ನೆನಪಾಗ್ಲಿಲ್ಲ. ಮನೆಗೆ ಹೋಗಿ ಚಪ್ಪಲಿ ಬಿಡ್ತಿದ್ದಾಗ ನೆನಪಾಯ್ತು. ನಿನ್ನೆ ಮಧ್ಯಾಹ್ನದಿಂದ ಬಂದಿದ್ದನ್ನ ಒಂದೂ ಓದಿರ್ಲಿಲ್ಲ. ಯಾರ ಮನೇದು ಅಂತ ಗೊತ್ತಿಲ್ವಲ್ಲ, ಅದಕ್ಕೆ ಎಲ್ಲರ ಮನೆಗೂ ಹೊರಟೆ."

"ಫೋನ್ ಮಾಡಬಹುದಿತ್ತು."

"ಮಾಡಿದ್ರೆ, 'ಮೇಲ್ ಹಾಕಿದ್ವಲ್ಲ, ನೋಡ್ಲಿಲ್ವಾ' ಅಂತಿದ್ರು. ಅದೊಂದು ಮಾತು ಕೇಳೋ ಧೈರ್ಯ ಇರ್ಲಿಲ್ಲ."

ಅಷ್ಟರಲ್ಲಿ ಸರ್ವರ್ ರಿಪೇರಿಯವನ ಫೋನ್ ಬಂತು. ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಮಾತಾಡಿದರು. ಅಳಿಸಿದ ಮೇಲ್ ಒಂದೂ ಸಿಗಲಿಲ್ಲವಂತೆ. ಆದರೆ ಯಾವುದು ಯಾವಾಗ ಬಂತು ಎಂದು ಸರ್ವರ್ ತನ್ನ ಪಾಡಿಗೆ ಗುರುತು ಮಾಡಿಕೊಳ್ಳುತ್ತದೆ, ಅದು ಉಳಿದಿದೆ. ಶನಿವಾರ ಆ ಮನೆಯವರು ಕಳಿಸಿದ್ದು ನಿಜ. ಜಾಗ ಇಲ್ಲದ್ದಕ್ಕೆ ಸರ್ವರ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗೇ ಕಾದಿದ್ದು ಸೋಮವಾರ ಮಧ್ಯಾಹ್ನ, ಜಾಗ ಮಾಡಿದ ಮೇಲೆ, ಒಳಗೆ ಬಂತು. ಕಳಿಸಿದ ದಿನ ಶನಿವಾರವಾದ್ದರಿಂದ ಹೋಗಿ ಶನಿವಾರದ ಸಾಲಲ್ಲಿ ಕೂತಿತು. ಆ ಹೊತ್ತಿಗೆ ಆಕೆ ಸತ್ತು ಒಂದು ದಿನವಾಗಿತ್ತು.

ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ಹಾಕಿಕೊಂಡರು. ಹೇಳದೇ ಇರುವಂತಿದ್ದರೆ ಚೆನ್ನಾಗಿತ್ತು. ಆದರೆ ದೋಷಾರೋಪ ಪಟ್ಟಿಯಲ್ಲಿ ಬರಲೇಬೇಕಾದ ಸಂಗತಿ; ನಾಳೆ ವಕೀಲರ ಬಾಯಲ್ಲಿ ಕೇಳುವುದಕ್ಕಿಂತ ಇವತ್ತೇ ತಿಳಿಯಲಿ ಎಂದುಕೊಂಡು ಒಳಗೆ ಬಂದು, ಕೂತು, ನಿಧಾನವಾಗಿ ಎಲ್ಲ ಹೇಳಿದರು.

ದೂರಪ್ಪ ಪೂರ್ತಿ ಕೇಳಿಸಿಕೊಂಡರು. ಬೆಳಗ್ಗಿಂದ ಒಂದು ತೊಟ್ಟೂ ಮುಟ್ಟದವರು ಮೇಜಿನ ಮೇಲಿದ್ದ ನೀರನ್ನು ಗಟಗಟ ಕುಡಿದರು.

"ಹಾಗಾದ್ರೆ ಆಯಮ್ಮ ಹೋಗಿದ್ದು ನನ್ನಿಂದ ಅಲ್ಲ."

"ಅಲ್ಲ."

"ನಾನು ಏನೂ ಮಾಡದೇ ಸುಮ್ನೆ ಮನೆಗೆ ಹೋಗಿದ್ರೆ ಸಾಕಿತ್ತು."

ದೂರಪ್ಪ ಲೋಟವನ್ನು ಇದ್ದ ಜಾಗದಲ್ಲೇ ಇಟ್ಟರು.

"ಮತ್ತೆ ಇವತ್ತು ಹೋದೋರು, ಮೇಡಂ? ಆ ಹುಡುಗಿ ಅಪ್ಪ?"

ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ಕಾನ್‌ಸ್ಟೆಬಲ್ ಮೂಗು ಒರೆಸಿಕೊಂಡ. ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಕೃತ್ಯದ ಉದ್ದೇಶ ಎಂದಿದ್ದ ಕಡೆ 'ಹೆದರಿಕೆ' ಎಂದು ಬರೆದು, ಸಹಿ ಮಾಡಲು ಪೆನ್ನನ್ನು ಅವರ ಕೈಗೆ ಕೊಟ್ಟರು.