ಕಾಣೆಯಾದ ಇಪ್ಪತ್ತು ತುಂಡು ಬ್ರೆಡ್ಡು

ರಜೆಯ ದಿನ ಬೆಳಗ್ಗೆ ಆರೂವರೆಗೆ ದೊಡ್ಡಮ್ಮ ಫ್ರಿಜ್ಜಿನ ಬಾಗಿಲು ತೆರೆದರು. ತೆರೆದವರು ಹಾಗೇ ನಿಂತುಬಿಟ್ಟರು.

ನಡುವಿನ ಅಂತಸ್ತು ಖಾಲಿ!

ಹಿಂದಿನ ಸಂಜೆ ದೊಡ್ಡ ಗಾಜಿನ ಟ್ರೇ ಅಲ್ಲೇ ಇತ್ತು. ಅದರಲ್ಲಿ ಇಪ್ಪತ್ತು ದಪ್ಪ ಬ್ರೆಡ್ಡಿನ ತುಂಡುಗಳು ಮೊಟ್ಟೆ, ಹಾಲು, ಸಕ್ಕರೆಯಲ್ಲಿ ನೆನೆಯುತ್ತಿದ್ದವು. ವರ್ಷದ ಈ ದೊಡ್ಡ ರಜೆಗೆ ಮನೆಮಂದಿಯೆಲ್ಲ ಸೇರುತ್ತೇವೆ. ಬೆಳಗ್ಗೆ ದೊಡ್ಡಮ್ಮನ ಫ್ರೆಂಚ್ ಟೋಸ್ಟ್ ತಿನ್ನುತ್ತೇವೆ. ಮೂವತ್ತೈದು ವರ್ಷದಿಂದ ಒಮ್ಮೆಯೂ ತಪ್ಪಿರಲಿಲ್ಲ.

ಟ್ರೇ ಸಿಕ್ಕಿತು—ತೊಳೆದು, ಸಿಂಕಿನ ಪಕ್ಕದ ಸ್ಟ್ಯಾಂಡಿನಲ್ಲಿ ಬೋರಲು ಹಾಕಿತ್ತು. ಬ್ರೆಡ್ಡಿನ ಸುಳಿವೇ ಇಲ್ಲ.

"ಇದು ಅವಳದೇ ಕೆಲಸ," ಎಂದರು ದೊಡ್ಡಮ್ಮ.

ಅವಳು ಎಂದರೆ ಸೊಸೆ. ಮದುವೆಯಾಗಿ ಎಂಟು ತಿಂಗಳು. ಔಷಧಿ ಅಂಗಡಿಯಲ್ಲಿ ಕೆಲಸ. ಹಿಂದಿನ ದಿನ "ಅತ್ತೆ, ಈ ಸಲ ಟೋಸ್ಟ್ ನಾನು ಮಾಡ್ಲಾ?" ಎಂದು ಕೇಳಿದ್ದಳು. "ನಾನು ಸತ್ತ ಮೇಲೆ ಮಾಡುವೆಯಂತೆ," ಎಂಬ ಉತ್ತರ ಸಿಕ್ಕಿತ್ತು. ಅದನ್ನು ನಾವೆಲ್ಲ ಕೇಳಿಸಿಕೊಂಡಿದ್ದೆವು. ಕೇಳಿಸಲಿಲ್ಲ ಎಂಬಂತೆ ಕೂತಿದ್ದೆವು.

ಆ ಹೊತ್ತಿಗೆ ಚಿಕ್ಕಮ್ಮ ಶಾಲು ಹೊದ್ದುಕೊಂಡು ಬಂದರು. ದೊಡ್ಡಮ್ಮನ ತಂಗಿ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಸುಟ್ಟ ಗೋದಾಮುಗಳನ್ನು ನೋಡಿ, ಬೆಂಕಿ ತಾನೇ ಹತ್ತಿದ್ದೋ ಯಾರಾದರೂ ಹಚ್ಚಿದ್ದೋ ಎಂದು ಬರೆದುಕೊಟ್ಟವರು. "ಬೂದಿ ಸುಳ್ಳು ಹೇಳಲ್ಲ, ಮಾಲೀಕ ಹೇಳ್ತಾನೆ" ಎಂಬುದು ಅವರ ಮಾತು.

"ಅಕ್ಕ, ಯಾರನ್ನೂ ಬೈಬೇಡ. ಏನನ್ನೂ ಮುಟ್ಟಬೇಡ," ಎಂದರು. ನನ್ನತ್ತ ತಿರುಗಿದರು. "ನೀನು ಬಾ. ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ."

ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿತ್ತು. ಹಲ್ಲು ಕಟಕಟಿಸುವ ಚಳಿ! ಚಿಕ್ಕಮ್ಮ ಟ್ರೇ ಎತ್ತಿ ಬೆಳಕಿಗೆ ಹಿಡಿದರು. ನಾಲ್ಕು ಮೂಲೆಗಳಲ್ಲೂ ಬಿಳಿ ಪೊರೆ. ಉಗುರಿನಿಂದ ಕೆರೆದರು. ಬರಲಿಲ್ಲ. ಕಪಾಟಿನ ಸೀಸೆಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಂದನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಇಟ್ಟುಕೊಂಡು, ಹಿಂದಕ್ಕಿಟ್ಟರು.

ಮೊದಲು ಕರೆದದ್ದು ಸೊಸೆಯನ್ನು.

"ಎಷ್ಟು ಹೊತ್ತಿಗೆ ಎದ್ದೆ?"

"ಆರಕ್ಕೆ. ನೀರು ಕುಡಿಯೋಕೆ ಇಲ್ಲಿಗೆ ಬಂದಿದ್ದೆ."

"ಒಬ್ಬಳೇ?"

"ನೀರು ಕುಡಿಯೋಕೆ ದಿಬ್ಬಣ ಕಟ್ಕೊಂಡು ಬರ್ಬೇಕಿತ್ತಾ ಚಿಕ್ಕಮ್ಮ?"

ಚಿಕ್ಕಮ್ಮ ನಗಲಿಲ್ಲ. "ಫ್ರಿಜ್ಜು ತೆಗೆದ್ಯಾ?"

"ಇಲ್ಲ. ನೀರು ಹೊರಗಡೇನೇ ಇರುತ್ತೆ. ಕಿಟಕಿ ತೆರೆದಿತ್ತು. ಮಾವನ ಮಂಡಿ ನೋವಿನ ಎಣ್ಣೆ ವಾಸನೆ ಬರ್ತಿತ್ತು. ಅದು ಈ ಮನೇಲಿ ಯಾವಾಗ್ಲೂ ಇರೋದೇ."

"ನಿನ್ನೆ ಅತ್ತೆ ಜೊತೆ ಜಗಳ?"

"ಜಗಳಕ್ಕೆ ಇಬ್ಬರು ಬೇಕು. ನಾನು ಸುಮ್ಮನಿದ್ದೆ."

ಆ ಸುಮ್ಮನಿದ್ದೆ ಎನ್ನುವ ಮಾತೇ ನನಗೆ ಅನುಮಾನ ತಂದಿತು. ಸುಮ್ಮನಿರುವವರ ಹೊಟ್ಟೆಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು?

ಎರಡನೆಯವಳು ಮನೆಮಗಳು. ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಾಳೆ. ನಮಗೆಲ್ಲ ಡ್ರಿಲ್ ಅಕ್ಕ. ಬೆಳಗಿನ ಓಟ ಮುಗಿಸಿ ಆಗಷ್ಟೇ ಬಂದಿದ್ದಳು.

"ಬಿಳಿ ಬ್ರೆಡ್ಡು, ಅದಕ್ಕೆ ಸಕ್ಕರೆ ಬೇರೆ! ಎಸೆದವರಿಗೆ ನನ್ನ ಕಡೆಯಿಂದ ಒಂದು ಮೆಡಲು."

"ಎಸೆದವಳು ನೀನೇ ಏನೋ?"

"ನಾನಾಗಿದ್ರೆ ಶಿಳ್ಳೆ ಊದಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಸೀತಿದ್ದೆ." ಆಮೇಲೆ ದನಿ ತಗ್ಗಿಸಿದಳು. "ಈ ಅಡುಗೆಮನೇಲಿ ಏನಾಗತ್ತೆ ಅಂತ ಅಪ್ಪನ್ನ ಕೇಳಿ ಚಿಕ್ಕಮ್ಮ. ಅಮ್ಮಂಗೆ ಆ ಜ್ವರ ಬಂದು ಹೋದಾಗಿನಿಂದ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಹಾಲು ಸೀಯ್ತಿದೆ, ತಳ ಹಿಡೀತಿದೆ ಅಂತ ಒಂದೇ ಸಮ. ಅಮ್ಮಂಗೆ ತಲೆ ಚಿಟ್ಟು ಹಿಡಿದುಹೋಗಿದೆ."

ಮೂರನೆಯವರು ದೊಡ್ಡಪ್ಪ. ಗಡಿಯಾರ ರಿಪೇರಿ ಮಾಡುತ್ತಿದ್ದವರು. ಎರಡು ಮಾತು ಬೇಕಾದಲ್ಲಿ ಒಂದೇ ಆಡುವ ಮನುಷ್ಯ.

"ಭಾವ, ಬೆಳಗ್ಗೆ ಅಡುಗೆಮನೆಗೆ ಬಂದಿದ್ರಾ?"

"ಪೇಪರ್ ತರೋಕೆ ಗೇಟಿಗೆ ಹೋಗಿದ್ದೆ."

"ನಾನು ಕೇಳಿದ್ದು ಅಡುಗೆಮನೆ."

"ನಾನು ಅಲ್ಲಿ ಕಾಲಿಡೋನಲ್ಲ. ನಿನ್ನಕ್ಕನ್ನೇ ಕೇಳು."

ಅದು ನಿಜವೆಂದೇ ನಾನು ನಂಬಿದೆ. ಒಂದು ಲೋಟವನ್ನೂ ತೊಳೆದವರಲ್ಲ ಅವರು.

ಕೊನೆಗೆ ದೊಡ್ಡಮ್ಮ.

"ಏನೇನು ಹಾಕಿದ್ದೆ ಅಕ್ಕ?"

"ಹತ್ತು ಮೊಟ್ಟೆ, ಒಂದು ಲೀಟರ್ ಹಾಲು, ಸಕ್ಕರೆ, ಚಕ್ಕೆ ಪುಡಿ, ಎರಡು ಚಮಚ ವೆನಿಲಾ."

"ಕನ್ನಡಕ ಹಾಕ್ಕೊಂಡಿದ್ಯಾ?"

"ಯಾಕೆ? ಕಣ್ಣು ಮುಚ್ಚಿಕೊಂಡು ಮಾಡ್ತೀನಿ ಅದನ್ನ. ನೀನೇನು ನನ್ನನ್ನೇ ವಿಚಾರಿಸ್ತಿದ್ದೀಯಲ್ಲ? ಕಳೆದದ್ದು ನಂದು ಕಣೇ!"

ಅಷ್ಟರಲ್ಲಿ ಅಣ್ಣ—ಸೊಸೆಯ ಗಂಡ—ಹಿತ್ತಲಿನಿಂದ ಕೂಗಿದ. ಕಸದ ಡಬ್ಬಿಯ ತಳದಲ್ಲಿ ಒಂದು ಗಂಟು ಇತ್ತು. ಎರಡೆರಡು ಪ್ಲಾಸ್ಟಿಕ್ ಕವರು, ಬಾಯಿಗೆ ಮೂರು ಗಂಟು.

"ಊಟದ ಮೇಜಿನ ಮೇಲೆ ಇಡು. ಎಲ್ಲರನ್ನೂ ಕರಿ," ಎಂದರು ಚಿಕ್ಕಮ್ಮ.

ನಾವೆಲ್ಲ ಮೇಜಿನ ಸುತ್ತ ನಿಂತೆವು. ಚಿಕ್ಕಮ್ಮ ಕತ್ತರಿಯಿಂದ ಗಂಟು ಕತ್ತರಿಸಿದರು. ನಾನು ಸೊಸೆಯ ಮುಖವನ್ನೇ ನೋಡುತ್ತಿದ್ದೆ. ಅವಳು ಮೂಗಿನ ಮೇಲೆ ಕೈ ಇಟ್ಟುಕೊಂಡಳು. ಡ್ರಿಲ್ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ದೊಡ್ಡಪ್ಪ ನೆಲ ನೋಡುತ್ತಿದ್ದರು. ದೊಡ್ಡಮ್ಮ ಮಾತ್ರ ಮುಂದೆ ಬಾಗಿ, ಒಂದು ತುಂಡನ್ನು ಅಂಗೈಯಲ್ಲಿ ಎತ್ತಿ ಮುಖದ ಹತ್ತಿರ ತಂದುಕೊಂಡು, "ಎಷ್ಟು ಹದವಾಗಿ ನೆಂದಿತ್ತು ನೋಡಿ... ಯಾರಿಗೆ ಮನಸ್ಸು ಬಂತೋ," ಎಂದರು.

"ಅಮ್ಮಾ, ಬಿಡು ಅದನ್ನ!" ಅಣ್ಣ ಕಿರುಚಿದ. "ಔಷಧಿ ನಾತ! ಏನೋ ಸುರಿದಿದ್ದಾರೆ ಇದಕ್ಕೆ!"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಆ ಮನೆಯಲ್ಲಿ ಒಬ್ಬಳೇ.

"ವಿಷ ಹಾಕಿದ್ಯೇನೇ?" ದೊಡ್ಡಮ್ಮ ಕೇಳಿದರು. "ನನ್ನ ಕೈಯಿಂದಲೇ ನನ್ನ ಮಕ್ಕಳಿಗೆ ತಿನ್ನಿಸೋಕೆ?"

ಸೊಸೆ ಗಂಡನ ಕಡೆ ನೋಡಿದಳು. ಅವನು ಏನೂ ಹೇಳಲಿಲ್ಲ. ಅವಳು ತಿರುಗಿ ಕೋಣೆಗೆ ಹೋದಳು. ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಹಜಾರದವರೆಗೂ ಕೇಳಿಸಿತು.

"ಅವಳನ್ನ ಕರ್ಕೊಂಡು ಬಾ," ಚಿಕ್ಕಮ್ಮ ನನಗೆ ಹೇಳಿದರು. "ಬರಲ್ಲ ಅಂದ್ರೆ, ಹೋಗೋದಾದ್ರೂ ಕಳಂಕ ತೊಳ್ಕೊಂಡು ಹೋಗಲಿ ಅನ್ನು."

ಅವಳು ಬಂದು ಬಾಗಿಲಲ್ಲೇ ನಿಂತಳು.

"ಅಕ್ಕ," ಚಿಕ್ಕಮ್ಮ ಮೆಲ್ಲಗೆ ಶುರುಮಾಡಿದರು. "ಇದನ್ನ ನಿನ್ನೊಬ್ಬಳಿಗೇ ಹೇಳ್ಬೇಕು ಅಂತಿದ್ದೆ. ಆದ್ರೆ ಆ ಹುಡುಗಿ ಮೇಲೆ ವಿಷದ ಮಾತು ಎಲ್ಲರ ಮುಂದೆ ಬಂತು. ಅದನ್ನ ಅಳಿಸೋದೂ ಎಲ್ಲರ ಮುಂದೇನೇ ಆಗ್ಬೇಕು. ಇಲ್ಲಿ ಸುರಿದವರು ಒಬ್ಬರು, ಎಸೆದವರು ಇನ್ನೊಬ್ಬರು. ಎಸೆದವರು ಮೊದಲು. ಟ್ರೇ ಮೂಲೆಯಲ್ಲಿ ಬಿಳಿ ಪೊರೆ ಅಂಟಿದೆ—ಬೆಂದ ಮೊಟ್ಟೆ. ಮೊಟ್ಟೆ ಮೆತ್ತಿದ ಪಾತ್ರೆಗೆ ಮೊದಲು ತಣ್ಣೀರು ಹಾಕ್ಬೇಕು. ಸೊಸೆಗೂ ಗೊತ್ತು, ಡ್ರಿಲ್ ಮಾಸ್ತರಿಣಿಗೂ ಗೊತ್ತು. ಇದಕ್ಕೆ ನೇರವಾಗಿ ಬಿಸಿನೀರು ಸುರಿದಿದ್ದಾರೆ. ಜನ್ಮದಲ್ಲಿ ಪಾತ್ರೆ ತೊಳೆಯದವರ ಕೆಲಸ ಅದು. ಅಲ್ವಾ ಭಾವ?"

ದೊಡ್ಡಪ್ಪ ಸ್ವೆಟರಿನ ಜೇಬನ್ನು ಒತ್ತಿ ಹಿಡಿದರು.

"ಇನ್ನು ಸುರಿದವರು. ಕಪಾಟಲ್ಲಿ ವೆನಿಲಾ ಸೀಸೆ ಇದೆ. ಸಣ್ಣದು, ಕಂದು ಬಣ್ಣ. ಸೀಲು ಒಡೆದಿಲ್ಲ. ಮತ್ತೆ ಎರಡು ಚಮಚ ವೆನಿಲಾ ಎಲ್ಲಿಂದ ಬಂತು? ಭಾವ, ನಿಮ್ಮ ಮಂಡಿ ಎಣ್ಣೆ ಸೀಸೆ ತೆಗೀರಿ."

ದೊಡ್ಡಪ್ಪ ಸ್ವೆಟರಿನ ಜೇಬಿಗೆ ಕೈ ಹಾಕಿದರು. ಸಣ್ಣ ಸೀಸೆ. ಅದೂ ಕಂದು. ಚೀಟಿ ಸವೆದು ಹೋಗಿತ್ತು.

"ನಿನ್ನೆ ಬಿಸಿ ಮಾಡ್ಕೊಂಡು ಅದೇ ಕಪಾಟಲ್ಲಿ ಮರೆತಿದ್ದೆ," ಎಂದರು. "ಬೆಳಗ್ಗೆ ಹುಡುಕಿದ್ರೆ ಅರ್ಧ ಖಾಲಿ. ಫ್ರಿಜ್ಜು ತೆಗೆದೆ, ಗೊತ್ತಾಯ್ತು. ವಾಸನೆ ಹೋಗಲಿ ಅಂತ ಕಿಟಕಿ ತೆರೆದಿಟ್ಟೆ."

"ಸುಳ್ಳು!" ದೊಡ್ಡಮ್ಮ ಮುಂದೆ ಬಂದರು. "ಆ ಎಣ್ಣೆ ಮುಚ್ಚಳ ತೆಗೆದ್ರೆ ಬೀದಿಗೆಲ್ಲ ಗಬ್ಬು. ನನಗೆ ಗೊತ್ತಾಗ್ತಿರಲಿಲ್ವಾ?"

"ಈಗಷ್ಟೇ ಆ ತುಂಡನ್ನ ಮೂಗಿನ ಹತ್ರ ತಂದ್ಯಲ್ಲ ಅಕ್ಕ," ಚಿಕ್ಕಮ್ಮ ಹೇಳಿದರು. "ಗೊತ್ತಾಯ್ತಾ?"

ದೊಡ್ಡಮ್ಮ ಅಂಗೈಯನ್ನು ಮತ್ತೊಮ್ಮೆ ಮೂಗಿಗೆ ಹಿಡಿದರು.

"ನಾವೆಲ್ಲ ಅನುಮಾನ ಇದ್ದವರ ಮುಖ ನೋಡ್ತಾ ನಿಂತ್ವಿ. ಕಳ್ಕೊಂಡವಳ ಮುಖ ಯಾರೂ ನೋಡಲಿಲ್ಲ. ಎಣ್ಣೆ ಸುರಿದವಳು ನೀನೇ ಅಕ್ಕ, ಗೊತ್ತಿಲ್ಲದೆ. ನಿನಗೆ ವಾಸನೆ ತಿಳಿಯಲ್ಲ. ಆ ಜ್ವರದಿಂದ ಆಚೆಗೆ. ಹೌದು ತಾನೆ?"

ದೊಡ್ಡಮ್ಮ ಕುರ್ಚಿ ಎಳೆದು ಕೂತರು. ಗಂಡನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಒಂದು ದಿನ ಅನ್ನ ಸೀದು ಹೊಗೆ ಬಂದರೂ ನೀನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ತಿದ್ದೆ. ಅವತ್ತೇ ಗೊತ್ತಾಯ್ತು."

"ಅದಕ್ಕೇ ಬಾಗಿಲಲ್ಲಿ ಕೂರ್ತಿದ್ರಾ? ನಾನು, ಅಡುಗೇಲಿ ಹುಳುಕು ಹುಡುಕೋಕೆ ಕೂತಿದ್ದೀರಿ ಅಂದ್ಕೊಂಡಿದ್ದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅದೇ ತಿಂಗಳು ಸೊಸೆ ಬಂದಳು. ಹೇಳಿದ್ರೆ ಅಡುಗೆಮನೆ ಕೈಬಿಟ್ಟು ಹೋಗುತ್ತೆ ಅಂತ ಭಯ."

"ಭಾವ," ಚಿಕ್ಕಮ್ಮನ ದನಿ ಗಟ್ಟಿಯಾಯಿತು. "ಹೆಂಡತಿ ಮಾನ ಕಾಪಾಡೋಕೆ ಬ್ರೆಡ್ಡು ಎಸೆದ್ರಿ, ಸರಿ. ಸೊಸೆ ತಲೆ ಮೇಲೆ ವಿಷದ ಅಪವಾದ ಬಿದ್ದಾಗ ತುಟಿ ಹೊಲ್ಕೊಂಡು ನಿಂತ್ರಲ್ಲ, ಅದು ಯಾವ ನ್ಯಾಯ?"

"ತಪ್ಪು," ಎಂದರು ದೊಡ್ಡಪ್ಪ. ಸೊಸೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. "ತಪ್ಪಾಯ್ತಮ್ಮ."

ಅವಳು ಕೋಣೆಗೆ ಹೋದಳು. ಅಣ್ಣ ಹಿಂದೆ ಹೋದ. ಬಾಗಿಲು ಅವನ ಮುಖಕ್ಕೇ ಮುಚ್ಚಿತು. ಅದು ಅವನಿಗೆ ಸಲ್ಲಬೇಕಾದದ್ದೇ.

ಆಮೇಲೆ ಹೋದವರು ದೊಡ್ಡಮ್ಮ. ಬಾಗಿಲ ಹೊರಗೆ ನಿಂತೇ ಮಾತಾಡಿದರು. "ವಿಷ ಅಂದೆ. ಅನ್ನಬಾರದಿತ್ತು. ನಿನ್ನೆ ಅಂದದ್ದೂ ಅನ್ನಬಾರದಿತ್ತು. ಬೇಕರಿಯಿಂದ ಬೇರೆ ಬ್ರೆಡ್ಡು ತರಿಸ್ತೀನಿ. ಹಾಲು ಕೆಟ್ಟಿದೆಯೋ ಇಲ್ವೋ ನನಗೆ ತಿಳಿಯಲ್ಲ. ಬಂದು ನೋಡ್ತೀಯಾ?"

ದೊಡ್ಡಮ್ಮ ಉತ್ತರಕ್ಕೆ ಕಾಯಲಿಲ್ಲ, ಅಡುಗೆಮನೆಗೆ ಹೋಗಿ ಮೊಟ್ಟೆ ಒಡೆಯತೊಡಗಿದರು.

ಡ್ರಿಲ್ ಅಕ್ಕ ಬೇಕರಿಗೆ ಓಡಿ ಬ್ರೆಡ್ಡು ತಂದಳು. ಒಲೆಯ ಮೇಲೆ ಕಾವಲಿ ಕಾಯುತ್ತಿತ್ತು. ಗಂಟೆ ಹತ್ತಾಗಿತ್ತು. ಸೊಸೆ ಬಂದಳು. ಕಣ್ಣು ಕೆಂಪಗಿತ್ತು. ಯಾರನ್ನೂ ನೋಡದೆ ಹಾಲಿನ ಪಾತ್ರೆ ಎತ್ತಿ ಮೂಸಿದಳು.

"ಹಾಲು ಚೆನ್ನಾಗಿದೆ ಅತ್ತೆ. ವೆನಿಲಾ ನಾನು ಹಾಕ್ತೀನಿ."

ಮೂವತ್ತೈದು ವರ್ಷ ಆ ಒಲೆಯ ಮುಂದೆ ಯಾರಿಗೂ ಜಾಗ ಬಿಡದ ದೊಡ್ಡಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.